ಚೆಂಡು ಎಲ್ಲರ ಕೈಗೂ ಬರಲಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ‘ಶಾಲೆ ಮತ್ತು ಕ್ರೀಡೆ’. ಕೊಟ್ಟಿರುವ ಸಮಯ ಇಪ್ಪತ್ತು ನಿಮಿಷ. ಅಷ್ಟು ದೊಡ್ಡ ವಿಷಯವನ್ನು ಇಷ್ಟು ಸಮಯದಲ್ಲಿ ಹೇಳುವುದು ನನ್ನಿಂದಾಗದ ಮಾತು. ಹಾಗಾಗಿ ಒಂದೇ ಸಣ್ಣ ಸಂಗತಿ ಹಿಡಿದುಕೊಂಡು ಬಂದಿದ್ದೇನೆ. ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡು ಕೈಯಿಂದ ಕೈಗೆ ಹೋಗುವುದು ಕಡಿಮೆಯಾಗಿದೆ. ಯಾಕೆ ಕಡಿಮೆಯಾಯಿತು, ಅದರಿಂದ ನಮಗೇನು ನಷ್ಟ, ಈಗ ಏನು ಮಾಡಬಹುದು, ಇಷ್ಟನ್ನೇ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದ ಹಿರಿಯರಿಗಾಗಿ ಎರಡು ಮಾತು. ಒಂದು ತಂಡಕ್ಕೆ ಐದು ಜನ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಎರಡೂ ತುದಿಗೆ 3.05 ಮೀಟರ್ ಎತ್ತರದಲ್ಲಿ ಒಂದೊಂದು ಕಬ್ಬಿಣದ ರಿಂಗ್. ಚೆಂಡನ್ನು ಎದುರಾಳಿಯ ರಿಂಗಿನೊಳಗೆ ಹಾಕಿದರೆ ಅಂಕ. ಚೆಂಡು ಕೈಗೆ ಬಂದ ಮೇಲೆ ಕಾಲ ಕಳೆಯುವಂತಿಲ್ಲ, 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು. ಚೆಂಡನ್ನು ಮುಂದೆ ಒಯ್ಯಲು ಎರಡು ದಾರಿಗಳಿವೆ. ನೆಲಕ್ಕೆ ಕುಟ್ಟುತ್ತಾ ತಾನೇ ಓಡುವುದು ಒಂದು, ಅದಕ್ಕೆ ಡ್ರಿಬಲ್ ಅನ್ನುತ್ತಾರೆ. ಜೊತೆಗಾರನಿಗೆ ಎಸೆಯುವುದು ಇನ್ನೊಂದು, ಅದು ಪಾಸ್.

ಪಾಸ್ ಯಾಕೆ ಬೇಕು ಅನ್ನುವುದನ್ನು ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಮನೆಗೆ ಸ್ಲ್ಯಾಬ್ ಹಾಕುವ ದಿನ ನೀವೆಲ್ಲ ನೋಡಿದ್ದೀರಿ. ಮಿಕ್ಸರ್ ಹತ್ತಿರದಿಂದ ಏಣಿಯ ಮೇಲಿನವರೆಗೂ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತದೆ. ಯಾರೂ ಜಾಗ ಬಿಟ್ಟು ಓಡುವುದಿಲ್ಲ, ಕಾಂಕ್ರೀಟ್ ಮಾತ್ರ ಓಡುತ್ತದೆ. ಅವರಲ್ಲಿ ಒಬ್ಬ ಗಟ್ಟಿಗ, ‘ನನ್ನ ಬಾಂಡ್ಲಿ ನಾನೇ ಮೇಲೆ ಒಯ್ಯುತ್ತೇನೆ’ ಎಂದು ಏಣಿ ಹತ್ತತೊಡಗಿದರೆ ಏನಾಗುತ್ತದೆ? ಅವನು ಸೋಮಾರಿಯಲ್ಲ, ಎಲ್ಲರಿಗಿಂತ ಹೆಚ್ಚು ಬೆವರು ಸುರಿಸುತ್ತಾನೆ. ಆದರೆ ಸಾಲು ನಿಲ್ಲುತ್ತದೆ, ಕೆಳಗೆ ಕಾಂಕ್ರೀಟ್ ಗಟ್ಟಿಯಾಗುತ್ತದೆ, ಸ್ಲ್ಯಾಬಿನಲ್ಲಿ ಜೋಡು ಬೀಳುತ್ತದೆ. ಮಳೆಗಾಲದಲ್ಲಿ ಸೋರುವುದು ಅಲ್ಲಿಂದಲೇ.

ಆಟದಲ್ಲೂ ಹಾಗೆಯೇ. ಎಷ್ಟೇ ಜೋರಾಗಿ ಓಡಿದರೂ ಎಸೆದ ಚೆಂಡಿಗಿಂತ ಬೇಗ ಯಾರೂ ಓಡಲಾರರು. ಚೆಂಡು ಬಲದಿಂದ ಎಡಕ್ಕೆ ಹೋದರೆ ಎದುರಾಳಿಗಳ ಐದೂ ಜನ ಎಡಕ್ಕೆ ಸರಿಯಬೇಕು. ಅವರು ಸರಿಯುವಷ್ಟರಲ್ಲಿ ಚೆಂಡು ಮತ್ತೆ ಬಲಕ್ಕೆ ಬಂದರೆ ಒಬ್ಬ ಅರ್ಧ ಹೆಜ್ಜೆ ತಡವಾಗುತ್ತಾನೆ. ಮೂರನೆಯ, ನಾಲ್ಕನೆಯ ಪಾಸಿಗೆ ನಮ್ಮವನೊಬ್ಬ ಎದುರಿಗೆ ಯಾರೂ ಇಲ್ಲದೆ ನಿಂತಿರುತ್ತಾನೆ. ಅವನು ತಂಡದ ಅತಿ ಚುರುಕು ಹುಡುಗನೇ ಆಗಬೇಕಿಲ್ಲ. ಎದುರಿಗೆ ಯಾರೂ ಇಲ್ಲದಿದ್ದರೆ ಸಾಧಾರಣ ಆಟಗಾರನೂ ಬುಟ್ಟಿಗೆ ಹಾಕುತ್ತಾನೆ. ಅದೇ ಚುರುಕು ಹುಡುಗ ಮೂವರ ನಡುವೆ ನುಗ್ಗಿ ಎಸೆದರೆ ಬಹಳ ಸಲ ಬೀಳುವುದಿಲ್ಲ.

ಈ ಆಟ ಹುಟ್ಟಿದ್ದೇ ಪಾಸಿನಿಂದ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಕರು ಇದನ್ನು ಕಟ್ಟಿದರು. ಚಳಿಗಾಲದಲ್ಲಿ ಹುಡುಗರಿಗೆ ಒಳಾಂಗಣದಲ್ಲಿ ಆಡಲು ಏನಾದರೂ ಬೇಕಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಮೊಳೆ ಹೊಡೆದು ತೂಗುಹಾಕಿದರು, ಹದಿಮೂರು ನಿಯಮ ಬರೆದರು. ಅದರಲ್ಲಿ ಒಂದು ನಿಯಮ ಹೀಗಿತ್ತು: ಚೆಂಡು ಹಿಡಿದವನು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಡ್ರಿಬಲ್ ಆಮೇಲೆ ಸೇರಿಕೊಂಡದ್ದು. ಒಬ್ಬ ಪಿ.ಟಿ. ಮೇಷ್ಟ್ರು ಕಂಡುಹಿಡಿದ ಆಟ ಇಡೀ ಜಗತ್ತನ್ನು ಸುತ್ತಿತು ಅನ್ನುವುದನ್ನು ಇಲ್ಲಿರುವ ನಮ್ಮ ಪಿ.ಟಿ. ಸರ್ ಮುಂದೆ ಹೇಳಲು ನನಗೆ ವಿಶೇಷ ಸಂತೋಷ.

ಈಗ ನಮ್ಮ ಶಾಲೆಗೆ ಬರೋಣ. 2004ರಲ್ಲಿ ನಾನು ಒಂಬತ್ತನೇ ತರಗತಿ. ಆಗ ನಮ್ಮದು ಮೊರಂ ನೆಲ. ಹೊಸಪೇಟೆಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಸಿ ತಂದ ಎರಡು ಕಂಬ, ಇಡೀ ಶಾಲೆಗೆ ಒಂದೇ ಚೆಂಡು. ಚೆಂಡನ್ನು ನೆಲಕ್ಕೆ ಕುಟ್ಟಿದರೆ ಅದು ಕೈಗೆ ವಾಪಸ್ ಬರುತ್ತದೆ ಎಂಬ ಭರವಸೆ ಇರಲಿಲ್ಲ. ಕಲ್ಲಿಗೆ ತಾಗಿದರೆ ಬೇಲಿ ಕಡೆಗೆ, ಕುಳಿಗೆ ಬಿದ್ದರೆ ಅಲ್ಲಿಯೇ. ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಓಡಾಡುತ್ತಿದ್ದ ಕಾಲ ಅದು. ಕೆಂಪು ಧೂಳು ಕೂತು ಚೆಂಡು ಜಾರುತ್ತಿತ್ತು. ಹಾಗಾಗಿ ನಮಗೆ ಇದ್ದದ್ದು ಒಂದೇ ದಾರಿ, ಚೆಂಡನ್ನು ನೆಲ ಮುಟ್ಟಿಸದೆ ಒಬ್ಬರಿಂದ ಒಬ್ಬರಿಗೆ ಎಸೆಯುವುದು. ತಾಲ್ಲೂಕು ಕ್ರೀಡಾಕೂಟಕ್ಕೆ ಹೋದಾಗ ಪಟ್ಟಣದ ಶಾಲೆಯವರು ‘ಇವರು ಭಾರಿ ಪಾಸ್ ಆಡ್ತಾರೆ’ ಅನ್ನುತ್ತಿದ್ದರು. ನಮ್ಮ ಗುಣ ದೊಡ್ಡದಿತ್ತು ಅಂತಲ್ಲ. ನಮ್ಮ ನೆಲ ಒರಟಾಗಿತ್ತು, ಅಷ್ಟೇ.

ಈಗ ಸಿಮೆಂಟ್ ಅಂಕಣ ಬಂದಿದೆ. ಊರಿನವರ, ಹಳೆಯ ವಿದ್ಯಾರ್ಥಿಗಳ ದುಡ್ಡಿನಿಂದ ಆದದ್ದು. ಬಹಳ ಒಳ್ಳೆಯ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಒಂದರ ಬದಲು ಆರು ಚೆಂಡು ಬಂದಿವೆ. ಮೊಬೈಲ್ ಕೂಡ ಬಂದಿದೆ. ಈ ಮೂರೂ ಸೇರಿ ಆಟವನ್ನು ಸದ್ದಿಲ್ಲದೆ ಬದಲಾಯಿಸಿವೆ. ನೆಲ ಚೆನ್ನಾಗಿರುವುದರಿಂದ ಒಬ್ಬನೇ ಕುಟ್ಟುತ್ತಾ ಉದ್ದಕ್ಕೂ ಓಡಬಹುದು. ಆರು ಚೆಂಡು ಇರುವುದರಿಂದ ಸಂಜೆ ಬಂದ ಕೂಡಲೇ ಒಬ್ಬೊಬ್ಬ ಒಂದೊಂದು ಚೆಂಡು ಹಿಡಿದು ಒಂದೊಂದು ಮೂಲೆಗೆ ಹೋಗುತ್ತಾನೆ. ಮೊಬೈಲಿನಲ್ಲಿ ಬರುವ ಅರ್ಧ ನಿಮಿಷದ ವಿಡಿಯೊದಲ್ಲಿ ಕಾಣುವುದು ಕೊನೆಯ ಎರಡು ಸೆಕೆಂಡು, ಹಾರಿ ಬುಟ್ಟಿಗೆ ಹಾಕುವುದು. ಅದಕ್ಕೆ ಮೊದಲಿನ ನಾಲ್ಕು ಪಾಸನ್ನು ಕತ್ತರಿಸಿ ಬಿಸಾಡಿರುತ್ತಾರೆ. ಮಕ್ಕಳು ನೋಡಿದ್ದನ್ನೇ ಕಲಿಯುತ್ತಾರೆ. ತಪ್ಪು ಮಕ್ಕಳದಲ್ಲ.

ಕಳೆದ ದಸರಾ ರಜೆ ಮುಗಿದ ಮೇಲೆ ಎರಡು ವಾರ ನಾನು ಊರಲ್ಲೇ ಇದ್ದೆ. ಹಗಲು ಲ್ಯಾಪ್‌ಟಾಪ್ ಮುಂದೆ ಕೆಲಸ, ಸಂಜೆ ಅಂಕಣದ ಕಟ್ಟೆ ಮೇಲೆ. ಹುಡುಗರ ಆಟ ನೋಡುತ್ತಾ ಒಂದು ಹಾಳೆಯಲ್ಲಿ ಐದು ಚುಕ್ಕೆ ಹಾಕಿಕೊಂಡೆ. ಚೆಂಡು ಯಾರಿಂದ ಯಾರಿಗೆ ಹೋಯಿತೋ ಆ ಎರಡು ಚುಕ್ಕೆಗಳ ನಡುವೆ ಒಂದು ಗೆರೆ. ನಾನು ಸಾಫ್ಟ್‌ವೇರ್ ಕೆಲಸದವನು, ಏನನ್ನು ನೋಡಿದರೂ ಹೀಗೆ ಚುಕ್ಕೆ ಗೆರೆ ಹಾಕುವುದು ನಮ್ಮ ಚಾಳಿ. ಮೂರು ದಿನದ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ಮೂರು ಚುಕ್ಕೆಗಳ ನಡುವೆ ಗೆರೆಗಳು ದಟ್ಟವಾಗಿದ್ದವು. ಉಳಿದ ಎರಡು ಚುಕ್ಕೆ ಬಹುತೇಕ ಖಾಲಿ.

ಆ ಮೂವರು ಒಂದೇ ಓಣಿಯವರು. ಉಳಿದ ಇಬ್ಬರಲ್ಲಿ ಒಬ್ಬ ತಾಂಡಾದಿಂದ ಬರುವವನು, ಇನ್ನೊಬ್ಬ ಕ್ಯಾಂಪಿನಿಂದ ಸೈಕಲ್ ಮೇಲೆ ಬರುವವನು. ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ನಾನು ನಂಬುತ್ತೇನೆ. ಗೊತ್ತಿದ್ದವನ ಕಡೆಗೆ ಕೈ ತಾನಾಗಿ ಹೋಗುತ್ತದೆ. ಹಿರಿಯರೇ, ಆ ಹಾಳೆ ನೋಡಿದಾಗ ನನಗೆ ಆಟದ ನಕ್ಷೆಗಿಂತ ಹೆಚ್ಚಾಗಿ ಊರಿನ ನಕ್ಷೆ ಕಂಡಿತು. ಒಂದೇ ಬೆಂಚಿನಲ್ಲಿ ಕೂರಿಸುವುದನ್ನು ಈ ಶಾಲೆ ಐವತ್ತು ವರ್ಷದಿಂದ ಮಾಡುತ್ತಾ ಬಂದಿದೆ. ಅಂಕಣದಲ್ಲಿ ಅದು ಸಡಿಲವಾಗುತ್ತಿದೆ.

ತಾಂಡಾದ ಆ ಹುಡುಗನನ್ನು ಒಂದು ಸಂಜೆ ಮಾತಾಡಿಸಿದೆ. ಮರುದಿನದಿಂದ ಬರುವುದಿಲ್ಲ ಅಂದ. ಯಾಕಪ್ಪಾ ಅಂದೆ. ‘ಬಂದು ಏನ್ ಮಾಡ್ಲಿ ಅಣ್ಣಾ? ಸುಮ್ಮನೆ ಆ ಕಡೆ ಈ ಕಡೆ ಓಡ್ತೀನಿ. ಬಾಲ್ ಬರಂಗಿಲ್ಲ. ಅದಕ್ಕಿಂತ ಮನಿಗ್ ಹೋದ್ರ ಅವ್ವಗ ಆಸರಾಗ್ತದ’ ಅಂದ. ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ಹಾಕಿ ಹೇಳಿದ. ತಂಡದಲ್ಲಿ ಅತಿ ಎತ್ತರದ ಹುಡುಗ ಅವನೇ. ಚೆಂಡು ಕೈಯಿಂದ ಕೈಗೆ ಹೋಗದಿದ್ದರೆ ಪಂದ್ಯ ಸೋಲುತ್ತೇವೆ, ಅದು ಸಣ್ಣ ನಷ್ಟ. ಹುಡುಗ ಬರುವುದನ್ನೇ ಬಿಟ್ಟರೆ ಅದು ದೊಡ್ಡ ನಷ್ಟ. ಎಂಟನೇ, ಒಂಬತ್ತನೇ ತರಗತಿಯ ಎಷ್ಟೋ ಮಕ್ಕಳನ್ನು ಶಾಲೆಗೆ ಹಿಡಿದಿಟ್ಟಿರುವುದು ಪಾಠಕ್ಕಿಂತ ಹೆಚ್ಚಾಗಿ ಸಂಜೆಯ ಆಟ. ಇದು ಇಲ್ಲಿರುವ ಗುರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಇದು ನಮ್ಮ ಹಳ್ಳಿಯ ಹುಡುಗರಿಗೆ ಮಾತ್ರ ಬರುವ ರೋಗವಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದ ಅದೇ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ನಡೆಯಿತು. ಅಮೆರಿಕದ ತಂಡದಲ್ಲಿ ಟಿಮ್ ಡಂಕನ್, ಅಲೆನ್ ಐವರ್ಸನ್, ಆಗಿನ್ನೂ ಎಳೆಯ ಲೆಬ್ರಾನ್ ಜೇಮ್ಸ್ ಇದ್ದರು. ಒಬ್ಬರಿಗಿಂತ ಒಬ್ಬರು ಹೆಸರಾದವರು. ಆಗಸ್ಟ್ 15ರಂದು ಪುಟ್ಟ ಪೋರ್ಟೊರಿಕೊ ತಂಡ ಅವರನ್ನು 92–73ರಿಂದ ಸೋಲಿಸಿತು. 1992ರಲ್ಲಿ ಎನ್‌ಬಿಎ ಆಟಗಾರರು ಒಲಿಂಪಿಕ್ಸ್‌ಗೆ ಬಂದ ಮೇಲೆ ಅಲ್ಲಿ ಅಮೆರಿಕ ಸೋತದ್ದು ಅದೇ ಮೊದಲು. ಆಮೇಲೆ ಲಿಥುವೇನಿಯಾ ಸೋಲಿಸಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 89–81ರಿಂದ ಸೋಲಿಸಿತು. ಕೊನೆಗೆ ಅವರಿಗೆ ದಕ್ಕಿದ್ದು ಕಂಚು, ಚಿನ್ನ ಅರ್ಜೆಂಟೀನಾಕ್ಕೆ.

ಸೋಲಿಗೆ ಒಂದೇ ಕಾರಣ ಹೇಳಲಾಗದು. ದೂರದಿಂದ ಎಸೆಯಬಲ್ಲವರು ಅವರಲ್ಲಿ ಕಡಿಮೆ ಇದ್ದರು. ಒಟ್ಟಿಗೆ ಅಭ್ಯಾಸ ಮಾಡಿದ್ದು ಕೆಲವೇ ವಾರ. ಆದರೆ ಪಂದ್ಯ ನೋಡಿದರೆ ಎದ್ದು ಕಾಣುವುದು ಇದು: ಅರ್ಜೆಂಟೀನಾದವರ ಚೆಂಡು ನಿಲ್ಲುತ್ತಿರಲಿಲ್ಲ. ಅವರಲ್ಲಿ ಹಲವರು ಹರೆಯದಿಂದಲೇ ಜೊತೆಗೆ ಆಡಿದವರು. ಒಬ್ಬ ಯಾವ ಕಡೆ ತಿರುಗುತ್ತಾನೆ ಎಂದು ಇನ್ನೊಬ್ಬನಿಗೆ ನೋಡದೆಯೇ ಗೊತ್ತಿತ್ತು. ಅಮೆರಿಕದವರು ಪಾಠ ಕಲಿಯಲು ನಾಲ್ಕು ವರ್ಷ ಬೇಕಾಯಿತು. ಆಟಗಾರರಿಂದ ಹಲವು ವರ್ಷ ಜೊತೆಗಿರುವ ಮಾತು ಪಡೆದರು, ಒಬ್ಬರೇ ಕೋಚ್ ಕೈಗೆ ತಂಡ ಕೊಟ್ಟರು. ನಡುವೆ 2006ರಲ್ಲಿ ಗ್ರೀಸ್ ಎದುರು ಮತ್ತೊಮ್ಮೆ ಸೋತರು. 2008ರಲ್ಲಿ ಬೀಜಿಂಗ್‌ನಲ್ಲಿ ಸ್ಪೇನ್ ತಂಡವನ್ನು 118–107ರಿಂದ ಸೋಲಿಸಿ ಚಿನ್ನ ಗೆದ್ದರು. ಅಷ್ಟು ಸಿರಿವಂತ ತಂಡಕ್ಕೇ ಅಷ್ಟು ಕಾಲ ಹಿಡಿಯಿತು ಎಂದ ಮೇಲೆ ನಾವು ಧೈರ್ಯಗೆಡಬೇಕಿಲ್ಲ.

ನಮ್ಮ ರಾಜ್ಯದಲ್ಲೇ ನಡೆದ ಒಂದು ಪಂದ್ಯ ಹೇಳುತ್ತೇನೆ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್ ನಡೆಯಿತು. ಭಾರತ 75, ಕಜಕಸ್ತಾನ 73. ನಲವತ್ತು ನಿಮಿಷ ಆಡಿದ ಮೇಲೆ ಅಂತರ ಎರಡೇ ಅಂಕ, ಅಂದರೆ ಒಂದು ಬುಟ್ಟಿ. ಇಂಥ ಪಂದ್ಯದಲ್ಲಿ ಒಂದೇ ಒಂದು ಸಲ ಚೆಂಡು ಸರಿಯಾದವರ ಕೈಗೆ ಹೋಗದಿದ್ದರೂ ಫಲಿತಾಂಶ ತಿರುಗುಮುರುಗು.

ಮಕ್ಕಳೇ, ನಿಮ್ಮಲ್ಲಿ ಹಲವರು ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಬಗ್ಗೆ ಕೇಳಿದ್ದೀರಿ. 2018ರಲ್ಲಿ ಶುರುವಾಯಿತು. ಜಾವೆಲಿನ್‌ನ ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರು. ನಮ್ಮ ಸಂಡೂರು ತಾಲ್ಲೂಕಿನಲ್ಲಿ ಅಂಥದ್ದೊಂದು ಇರುವುದು ಹೆಮ್ಮೆ. ಅಲ್ಲಿನ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಒಬ್ಬರೇ ನಿಂತು ಗೆಲ್ಲುವ ಆಟಗಳು. ನಿಮಗೆ ಅದರಲ್ಲಿ ಆಸಕ್ತಿ ಇದ್ದರೆ ಖಂಡಿತ ಹೋಗಿ. ಆದರೆ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಇಳಿದು ಜಾವೆಲಿನ್ ಎಸೆದ ಹಾಗೆ ಆಡಬೇಡಿ. ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾಲುವೆ ನೀರಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಜಯನಗರದ ಅರಸರು ತೋಡಿಸಿದ ತುರ್ತಾ ಕಾಲುವೆ ಇವತ್ತಿಗೂ ಹಂಪಿಯ ಬಾಳೆ ತೋಟಕ್ಕೆ ನೀರು ಕೊಡುತ್ತಿದೆ. ಕಟ್ಟಿದವರು ಹೋದರು, ನೀರು ಹರಿಯುವುದು ನಿಲ್ಲಲಿಲ್ಲ. ಅದೇ ತುಂಗಭದ್ರಾ ಡ್ಯಾಮಿನ ಕಾಲುವೆಯಲ್ಲಿ ಮೇಲಿನವರು ತೂಬು ಎತ್ತಿ ಹಿಡಿದರೆ ಕೊನೆ ಭಾಗದ ರೈತರ ಭತ್ತ ಒಣಗುತ್ತದೆ. ಕಂಪ್ಲಿ, ಸಿರುಗುಪ್ಪ ಕಡೆಯ ನೆಂಟರನ್ನು ಕೇಳಿದರೆ ಹೇಳುತ್ತಾರೆ. ಡ್ಯಾಮಿನಲ್ಲಿ ನೀರಿದೆ, ಕಾಲುವೆಯೂ ಇದೆ, ನಡುವೆ ಒಬ್ಬ ಹಿಡಿದುಕೊಂಡಿದ್ದಾನೆ. ತಂಡದಲ್ಲಿ ಬಲವಿದೆ, ಅಂಕಣವೂ ಇದೆ, ಚೆಂಡು ಮಾತ್ರ ಮೇಲಿನ ತೂಬಿನಲ್ಲೇ ನಿಂತಿದೆ.

ನಾವೇನು ಮಾಡಿದೆವು ಎಂದು ಹೇಳುತ್ತೇನೆ. ಪಿ.ಟಿ. ಸರ್ ಒಪ್ಪಿಗೆ ಪಡೆದು ನೈಸ್ಮಿತ್ ಅವರ ಹಳೆಯ ನಿಯಮ ತಂದೆವು. ಸಂಜೆ ಮೊದಲ ಅರ್ಧ ಗಂಟೆ ಡ್ರಿಬಲ್ ಇಲ್ಲ. ಚೆಂಡು ಹಿಡಿದವನು ಓಡುವಂತಿಲ್ಲ. ಐದೂ ಜನರ ಕೈ ಮುಟ್ಟದೆ ರಿಂಗಿಗೆ ಎಸೆಯುವಂತಿಲ್ಲ. ಮೊದಲ ದಿನ ಗದ್ದಲವೋ ಗದ್ದಲ. ತಂಡದ ಮುಖ್ಯ ಆಟಗಾರ ಚೆಂಡನ್ನು ಕೆಳಗಿಟ್ಟು, ‘ಅಣ್ಣಾ, ಇದೂ ಒಂದು ಆಟನಾ?’ ಅಂದ. ಅವನ ಮಾತಿನಲ್ಲೂ ಸತ್ಯವಿದೆ. ಬರೀ ಪಾಸ್ ಮಾಡುತ್ತಾ ಕೂತರೆ ಅಂಕ ಬರುವುದಿಲ್ಲ. ನುಗ್ಗಬಲ್ಲವನು ನುಗ್ಗಲೇಬೇಕು. ಆದರೆ ನುಗ್ಗಿದಾಗ ಇಬ್ಬರು ತನ್ನ ಮೇಲೆ ಬಿದ್ದರೆ, ಬೇರೆ ಯಾರೋ ಒಬ್ಬ ಖಾಲಿ ಇದ್ದಾನೆ ಎಂಬುದು ಅವನಿಗೆ ಗೊತ್ತಿರಬೇಕು. ಪಾಸ್ ಕೊಟ್ಟ ಮೇಲೆ ನಿಂತುಬಿಡಬಾರದು, ಜಾಗ ಬದಲಿಸಿ ಮತ್ತೆ ಕೈ ಚಾಚಬೇಕು. ಚೆಂಡಿಲ್ಲದವನ ಓಟವೂ ಆಟವೇ.

ನಾಲ್ಕೈದು ದಿನವಾದ ಮೇಲೆ ಸಂಜೆಗಳು ಬದಲಾದವು. ಅಲ್ಲಿಯವರೆಗೆ ‘ಏಯ್’ ಎನ್ನುತ್ತಿದ್ದವರು ಹೆಸರು ಹಿಡಿದು ಕರೆಯತೊಡಗಿದರು. ಐದು ಕೈ ಮುಟ್ಟಲೇಬೇಕಲ್ಲ, ಹೆಸರು ಗೊತ್ತಿಲ್ಲದೆ ಆಗುವುದಿಲ್ಲ. ತಾಂಡಾದ ಹುಡುಗ ಬರುವುದನ್ನು ಬಿಡಲಿಲ್ಲ. ಅವನು ರಿಂಗಿನ ಹತ್ತಿರ ನಿಂತು ಎತ್ತರದಲ್ಲಿ ಚೆಂಡು ಹಿಡಿದು ಹೊರಗೆ ವಾಪಸ್ ಎಸೆಯುವುದನ್ನು ಕಲಿತ. ಇದರಿಂದ ಕಪ್ ಗೆದ್ದೆವು ಎಂದು ಹೇಳಲಾರೆ. ಆಮೇಲೆ ಆಡಿದ ಪಂದ್ಯವನ್ನೂ ಸೋತರು. ಆದರೆ ಐವರೂ ಅಂಕ ಗಳಿಸಿ ಸೋತರು. ಸೋತು ಬಂದ ಮರುದಿನ ಐವರೂ ಅಭ್ಯಾಸಕ್ಕೆ ಬಂದರು.

ಇನ್ನೊಂದು ಮಾತು. ಪಾಸ್ ಆಟ ಹೇಗಿರುತ್ತದೆ ಎಂದು ನೋಡಬೇಕಾದರೆ ಬೇರೆಲ್ಲೂ ಹೋಗಬೇಡಿ, ನಮ್ಮ ಹುಡುಗಿಯರ ತಂಡ ನೋಡಿ. ಹುಡುಗರು ಬಿಟ್ಟ ಮೇಲೆ ಅವರಿಗೆ ಅಂಕಣ ಸಿಗುತ್ತದೆ, ಅಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ಇರುವ ಸ್ವಲ್ಪ ಸಮಯದಲ್ಲಿ ಎಲ್ಲರೂ ಆಡಬೇಕು ಎಂದು ಒಂದೇ ಚೆಂಡು ಇಟ್ಟುಕೊಂಡು ಬೇಗ ಬೇಗ ಕೊಡುತ್ತಾರೆ. ನಮಗೆ ಮೊರಂ ನೆಲ ಕಲಿಸಿದ್ದನ್ನು ಅವರಿಗೆ ಬಸ್ಸಿನ ವೇಳೆ ಕಲಿಸಿದೆ. ಅದನ್ನು ಹೊಗಳಿ ಸುಮ್ಮನಾಗುವುದು ಸರಿಯಲ್ಲ. ವಾರದಲ್ಲಿ ಮೂರು ದಿನ ಅಂಕಣ ಮೊದಲು ಅವರಿಗೆ ಸಿಗಬೇಕು.

ಈಗ ನನ್ನ ವಿನಂತಿಗಳು, ಮೂರೇ ಮೂರು.

ಮೊದಲನೆಯದು ಶಾಲೆಗೆ. ಪಂದ್ಯ ಮುಗಿದ ಮೇಲೆ ನೋಟಿಸ್ ಬೋರ್ಡಿನಲ್ಲಿ ಅಂಕ ಗಳಿಸಿದವರ ಹೆಸರು ಬರೆಯುತ್ತೇವೆ. ಅದರ ಪಕ್ಕದಲ್ಲಿ ಆ ಬುಟ್ಟಿಗೆ ಪಾಸ್ ಕೊಟ್ಟವರ ಹೆಸರನ್ನೂ ಬರೆಯೋಣ. ಇದಕ್ಕೆ ಅಸಿಸ್ಟ್ ಅನ್ನುತ್ತಾರೆ, ದೊಡ್ಡ ಪಂದ್ಯಗಳಲ್ಲೆಲ್ಲ ಲೆಕ್ಕ ಇಡುತ್ತಾರೆ. ‘ನೀನು ಸಾಫ್ಟ್‌ವೇರ್‌ನವನು, ಒಂದು ಆ್ಯಪ್ ಮಾಡಿಕೊಡು’ ಎಂದು ಗೆಳೆಯರು ಹೇಳಿದರು. ಆ್ಯಪ್ ಬೇಡ. ಗೆರೆ ಹಾಕಿದ ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಹೊರಗೆ ಕೂತ ಮಕ್ಕಳೇ ಬರೆಯಲಿ, ಅವರಿಗೂ ಆಟದಲ್ಲಿ ಒಂದು ಪಾಲು ಸಿಗುತ್ತದೆ. ನಾವು ಯಾವುದನ್ನು ಎಣಿಸುತ್ತೇವೋ ಮಕ್ಕಳು ಅದನ್ನೇ ಹೆಚ್ಚು ಮಾಡುತ್ತಾರೆ. ಆಫೀಸಿನಲ್ಲೂ ಇದನ್ನೇ ನೋಡಿದ್ದೇನೆ. ಕೆಲಸವನ್ನು ತನ್ನೊಬ್ಬನ ಹತ್ತಿರ ಇಟ್ಟುಕೊಂಡವನಿಗೆ ಶಹಬ್ಬಾಸ್ ಸಿಕ್ಕರೆ ಎಲ್ಲರೂ ಹಾಗೇ ಮಾಡುತ್ತಾರೆ. ಅವನು ರಜೆ ಹಾಕಿದ ದಿನ ಎಲ್ಲರ ಕೆಲಸ ನಿಲ್ಲುತ್ತದೆ.

ಎರಡನೆಯದು ನನ್ನಂಥ ಹಳೆಯ ವಿದ್ಯಾರ್ಥಿಗಳಿಗೆ. ವಾರ್ಷಿಕೋತ್ಸವಕ್ಕೆ ನಾವು ಕೊಡುವ ಕಪ್ ಯಾವಾಗಲೂ ‘ಅತ್ಯುತ್ತಮ ಆಟಗಾರ’ನಿಗೆ. ಅದು ಇರಲಿ. ಅದರ ಜೊತೆಗೆ ಅತಿ ಹೆಚ್ಚು ಪಾಸ್ ಕೊಟ್ಟು ಬುಟ್ಟಿ ಮಾಡಿಸಿದವರಿಗೆ, ಹುಡುಗರಲ್ಲಿ ಒಬ್ಬರಿಗೆ, ಹುಡುಗಿಯರಲ್ಲಿ ಒಬ್ಬರಿಗೆ, ಅಷ್ಟೇ ಎತ್ತರದ ಕಪ್ ಕೊಡೋಣ. ಈ ವರ್ಷದಿಂದ ನಮ್ಮ ಬ್ಯಾಚಿನವರು ಅದರ ಖರ್ಚು ಹೊರುತ್ತೇವೆ.

ಮೂರನೆಯದು ಊರಿನವರಿಗೆ. ಪಂದ್ಯ ನೋಡಲು ಬನ್ನಿ. ನಿಮ್ಮ ಮಗ ಬುಟ್ಟಿಗೆ ಹಾಕಿದಾಗ ಶಿಳ್ಳೆ ಹೊಡೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಮಗನಿಗೆ ಚೆಂಡು ಕೊಟ್ಟ ಹುಡುಗ ಯಾರು, ಯಾವ ಕಡೆಯವನು, ಅವನ ಹೆಸರೇನು ಎಂದು ಮನೆಗೆ ಬಂದ ಮಗನನ್ನು ಕೇಳಿ. ‘ನಾಳೆ ಅವನನ್ನು ಚಹಾಕ್ಕೆ ಕರಕೊಂಡು ಬಾ’ ಅನ್ನಿ. ಇಷ್ಟು ಮಾಡಿದರೆ ಆಟದ ಅರ್ಧ ತರಬೇತಿ ನಿಮ್ಮ ಅಡುಗೆಮನೆಯಲ್ಲೇ ಆಗುತ್ತದೆ.

ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ತಂಡಕ್ಕೂ ಒಂದು ಸ್ನೇಹ ಪಂದ್ಯ ಇಟ್ಟಿದ್ದೇವೆ. ನಿಯಮ ಅದೇ: ಐದು ಕೈ ಮುಟ್ಟದೆ ಬುಟ್ಟಿಗೆ ಎಸೆಯುವಂತಿಲ್ಲ. ಹೊಟ್ಟೆ ಬಂದಿದೆ, ಮಂಡಿ ನೋವಿದೆ ಎಂದು ನಮ್ಮವರು ನೆಪ ಹೇಳಬೇಡಿ. ಪಾಸ್ ಕೊಡಲು ಹೆಚ್ಚು ಓಡಬೇಕಾಗಿಲ್ಲ. ಶೂ ಇಲ್ಲದಿದ್ದರೂ ನಡೆಯುತ್ತದೆ, ನಾವು ಬರಿಗಾಲಲ್ಲೇ ಕಲಿತವರು.